ಪಕ್ಕದ ಮನೆ ಖಾಲಿ ಇದೆ

ಹಾಲು ತರುತ್ತೇನೆಂದು ಸ್ಕೂಟರ್ ಹೊರಗೆ ತೆಗೆದವನು ಹಾಲಿನ ಅಂಗಡಿ ದಾಟಿ, ರೈಲ್ವೆ ಗೇಟು ದಾಟಿ, ಹೆದ್ದಾರಿಯ ಸೇತುವೆಯ ತನಕ ಹೋಗಿಬಿಟ್ಟ. ಅಲ್ಲಿ ಸ್ಕೂಟರ್ ನಿಲ್ಲಿಸಿ, ಕೆಳಗೆ ಓಡುವ ಲಾರಿಗಳನ್ನು ನೋಡುವವನಂತೆ ಕಂಬಿಗೆ ಒರಗಿ, ಮೂಗಿನ ಒಂದೊಂದೇ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ ಉಸಿರೆಳೆದುಕೊಂಡ. ಡೀಸೆಲ್ಲು, ಧೂಳು, ಬೆಳಗಿನ ತಂಪು. ಹೀಗೆ ಸ್ವಲ್ಪ ಹೊತ್ತು ನಿಂತರೆ ಮೂಗು ತೊಳೆದಂತಾಗುತ್ತದೆ. ಆಮೇಲೆ ಮನೆಯ ಕಡೆ ತಿರುಗಿದರೆ ಬಡಾವಣೆಯ ಕಮಾನಿನ ಹತ್ತಿರ ಒಂದೇ ಒಂದು ಕ್ಷಣ, ಅದು ಇವತ್ತು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದು ಅವನು ತಾನೇ ಕಂಡುಕೊಂಡ ಉಪಾಯ. ಆ ಕ್ಷಣ ತಪ್ಪಿದರೆ ಮುಗಿಯಿತು, ಮೂಗು ಮತ್ತೆ ಆ ಜಾಗದ್ದೇ ಆಗಿಬಿಡುತ್ತದೆ. ವಾಪಸು ಬರುವಾಗ ಕಮಾನಿನ ಹತ್ತಿರ ವೇಗ ಇಳಿಸಿದ. ಇತ್ತು. ಒದ್ದೆ ಚರ್ಮವನ್ನು ಎಷ್ಟೋ ದಿನ ಮುಚ್ಚಿಟ್ಟು ಆಮೇಲೆ ಕುದಿಸಿದಂಥದ್ದು. ಅಥವಾ ಇರಲಿಲ್ಲವೇನೋ; ಇರಬಹುದೆಂದು ಹೆದರಿದ್ದಕ್ಕೆ ನೆನಪೇ ಮೂಗಿಗೆ ಬಂದಿರಬಹುದು. ಮತ್ತೊಮ್ಮೆ ಸೇತುವೆಗೆ ಹೋಗಿ ಬರೋಣವೆಂದರೆ ಹೆಂಡತಿ ಹಾಲಿಗಾಗಿ ಕಾಯುತ್ತಿದ್ದಾಳೆ. ಷಡ್ಡಕನೂ ನಾದಿನಿಯೂ ಪಕ್ಕದ ಮನೆ ನೋಡಲು ಇನ್ನೇನು ಬರುವ ಹೊತ್ತು.

ಅಂಟಿನ ಕಾರ್ಖಾನೆ ಬಡಾವಣೆಯಿಂದ ಕಾಣುವುದಿಲ್ಲ. ಗುಡ್ಡದ ಆಚೆ ಎಲ್ಲೋ ಮೂಳೆ ಬೇಯಿಸುತ್ತಾರಂತೆ. ಮನೆ ಕೊಳ್ಳುವಾಗ ಏಜೆಂಟ್ ಅವರನ್ನು ಕರೆತಂದದ್ದು ಗಾಳಿ ಆ ಕಡೆಗೆ ಬೀಸುವ ದಿನ. ಆವತ್ತು ಮನೆಯ ತುಂಬ ಹೊಸ ಪೇಂಟಿನ ವಾಸನೆ. ಹೆಂಡತಿ ಅಡುಗೆಮನೆಯ ಕಿಟಕಿ ತೆಗೆದು ನಿಂತು ಕಣ್ಣು ಒರೆಸಿಕೊಂಡಿದ್ದಳು. ನಗರದಲ್ಲಿ ಅವರ ಬಾಡಿಗೆಮನೆಯ ಕಿಟಕಿ ತೆಗೆದರೆ ಎದುರಿನವರ ಬಚ್ಚಲಿನ ಗೋಡೆ. ಅಲ್ಲಿ ಒಂದು ಕೋಣೆಯೂ ಸಿಗದ ದುಡ್ಡಿಗೆ ಇಲ್ಲಿ ಇಡೀ ಮನೆ, ಮೇಲೆ ಟೆರೇಸು, ಹಿಂದೆ ಒಂದು ತುಂಡು ಮಣ್ಣು. ಇಷ್ಟು ಅಗ್ಗ ಯಾಕೆ ಎಂದು ಯಾರೂ ಕೇಳಲಿಲ್ಲ. ಅವನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಬಂದುಬಿಡುತ್ತದೋ ಎಂದು ಬಾಯಿ ಮುಚ್ಚಿಕೊಂಡಿದ್ದ ಎನ್ನುವುದು ಈಗ ಗೊತ್ತಾಗುತ್ತದೆ. ಬಂದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಅವನು, ಹೆಂಡತಿ, ಮಗಳು ಮೂವರೂ ಎದ್ದು, ಒಬ್ಬರನ್ನೊಬ್ಬರು ನೋಡಿ, ಮೊದಲು ಚರಂಡಿ ಎಂದುಕೊಂಡರು, ಆಮೇಲೆ ಸತ್ತ ಇಲಿ ಎಂದು ಮಂಚದ ಕೆಳಗೆಲ್ಲ ಹುಡುಕಿದರು. ಕೊನೆಗೆ ಎದುರಿನ ಸೈಟಿನ ಕಾವಲುಗಾರ ನಕ್ಕು, 'ಇಲಿ ಅಲ್ಲ ಸಾರ್, ಗಾಳಿ' ಎಂದ. ಅಂದಿನಿಂದ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಇವತ್ತು ಗಾಳಿ ಇದೆ, ಬಟ್ಟೆ ಒಳಗೆ ಹಾಕು. ಗಾಳಿ ಬಿತ್ತು, ಕಿಟಕಿ ತೆಗಿ. ವಾಸನೆ ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಎರಡು ವರ್ಷವಾಗುತ್ತ ಬಂದ ಮೇಲೆ ಕಿಟಕಿ ಮುಚ್ಚುವುದೂ ನಿಂತಿತು. ಯಾವಾಗ ನಿಂತಿತು ಎಂದು ಯೋಚಿಸಿದರೆ ನೆನಪಾಗುವುದಿಲ್ಲ, ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಭಯ.

ಹಾಲು ಕೊಟ್ಟಾಗ ಹೆಂಡತಿ, 'ಹಾಲು ಕರೆದು ತಂದ್ರಾ?' ಎಂದಳು. ಕೋಪದಿಂದಲ್ಲ, ಅವಳು ಇವತ್ತು ಖುಷಿಯಲ್ಲಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು ನೆಲ ಒರೆಸಿದ್ದಳು, ಎಂದೂ ತೆಗೆಯದ ಗಾಜಿನ ಲೋಟಗಳನ್ನು ತೆಗೆದಿದ್ದಳು, ಏನೋ ಗುನುಗುತ್ತಿದ್ದಳು. ತಂಗಿ ಬಂದು ಪಕ್ಕದಲ್ಲಿ ಇರುತ್ತಾಳೆ ಎನ್ನುವುದು ಅವಳಿಗೆ ಆಗಲೇ ನಡೆದುಹೋದ ಸಂಗತಿ. 'ನಡುವಿನ ಕಾಂಪೌಂಡು ಒಡೆದು ಒಂದು ಬಾಗಿಲು ಇಟ್ಟುಬಿಡೋಣ ರೀ. ಸುತ್ತಿ ಬರೋದು ಯಾಕೆ?' ಅವನು ಹೂಂ ಎಂದ. ಈ ಬಡಾವಣೆಯಲ್ಲಿ ಅವಳು ಮಾತಾಡುವವರು ಯಾರಿದ್ದರು? ಅರ್ಧಕ್ಕೆ ನಿಂತ ಮನೆಗಳು, ಪಿಲ್ಲರಿನ ತಲೆಯಿಂದ ಆಕಾಶಕ್ಕೆ ಚಾಚಿದ ತುಕ್ಕು ಕಂಬಿಗಳು, ಹಗಲಲ್ಲೂ ಉರಿಯುವ ಬೀದಿದೀಪ. ಅವನು ಬೆಳಿಗ್ಗೆ ಮೊದಲ ರೈಲಿಗೆ ಹೋದರೆ ಕತ್ತಲಾದ ಮೇಲೆ ವಾಪಸು. ಅವಳು ದಿನವೆಲ್ಲ ಆ ಕಿಟಕಿಯ ಹತ್ತಿರ, ತನ್ನದೇ ಕಿಟಕಿಯ ಹತ್ತಿರ. ಅವಳು ಈಗ ಗುನುಗುವುದನ್ನು ಕೇಳುತ್ತ ಅವನು ಟವೆಲು ಹುಡುಕಿಕೊಂಡ. ಇದನ್ನು ನಿಲ್ಲಿಸುವ ಒಂದು ಮಾತು ತನ್ನ ಬಾಯಲ್ಲಿದೆ, ಅದನ್ನು ಆಡದಿದ್ದರೂ ತಪ್ಪು, ಆಡಿದರೂ ತಪ್ಪು.

ಸ್ನಾನಕ್ಕೆ ಹೋದಾಗ ಮೈಗೆ ಎರಡು ಸಲ ಸೋಪು ಹಚ್ಚಿದ. ಅದೀಗ ರೂಢಿ. ಕತ್ತು, ಕಿವಿಯ ಹಿಂದೆ, ಬೆರಳ ಸಂದಿ. ನಗರದ ಸೂಟಿನ ಅಂಗಡಿಯಲ್ಲಿ ಅವನದು ಅಳತೆ ತೆಗೆಯುವ ಕೆಲಸ. ಮೂರು ಕಡೆ ಕನ್ನಡಿಯ ನಡುವೆ ಗಿರಾಕಿಯನ್ನು ನಿಲ್ಲಿಸಿ, ಟೇಪು ಹಿಡಿದು, ಭುಜ, ತೋಳು, ಎದೆ, ಸೊಂಟ ಎಂದು ಕೂಗುತ್ತ ಹೋದರೆ ಪಕ್ಕದವನು ಬರೆದುಕೊಳ್ಳುತ್ತಾನೆ. ಎದೆಯ ಅಳತೆಗೆ ಬಂದಾಗ ಎಲ್ಲರೂ ಉಸಿರು ಹಿಡಿಯುತ್ತಾರೆ, ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. 'ಉಸಿರು ಬಿಡಿ ಸಾರ್, ಸಹಜವಾಗಿ ನಿಂತ್ಕೊಳ್ಳಿ, ಇಲ್ಲಾಂದ್ರೆ ಕೋಟು ಬಿಗಿಯಾಗುತ್ತೆ' ಎಂದು ಅವನು ಮೆಲ್ಲಗೆ ಹೇಳುವುದು, ಅವರು ನಾಚಿ ನಕ್ಕು ಉಸಿರು ಬಿಡುವುದು ವರ್ಷಗಳಿಂದ ನಡೆದದ್ದು. ಒಂದು ದಿನ ಬಂದ ಗಿರಾಕಿ ಮದುಮಗ, ತೆಳ್ಳಗಿನ ಮನುಷ್ಯ, ಅಡಗಿಸಲು ಹೊಟ್ಟೆಯೇ ಇರಲಿಲ್ಲ. 'ಉಸಿರು ಬಿಡಿ ಸಾರ್' ಎಂದ. ಮದುಮಗ ಬಿಡಲಿಲ್ಲ. ಅವನು ಇನ್ನೊಮ್ಮೆ ನಗುತ್ತ ಹೇಳಿದ. ಆಗ ತೋಳುಗಳ ನಡುವಿನಿಂದ ತಲೆಯೆತ್ತಿ ನೋಡಿದರೆ ಮೂರು ಕನ್ನಡಿಗಳಲ್ಲೂ ಆ ಮುಖ ಪಕ್ಕಕ್ಕೆ ತಿರುಗಿತ್ತು, ತುಟಿ ಬಿಗಿದಿತ್ತು, ಕಣ್ಣು ಕೆಂಪಗಾಗಿತ್ತು. ಆ ಮದುಮಗ ಒಳ್ಳೆಯವನು. ಏನೂ ಹೇಳಲಿಲ್ಲ. ಟೇಪು ಸಡಿಲಿಸಿದ ಕೂಡಲೆ ಬಾಗಿಲ ಹತ್ತಿರ ಹೋಗಿ, ಫೋನು ಬಂದವನಂತೆ ನಿಂತು, ಒಂದು ದೊಡ್ಡ ಉಸಿರೆಳೆದುಕೊಂಡ. ಅದರ ಮಾರನೆಯ ವಾರ ಅಂಗಡಿಯ ಯಜಮಾನ ಅವನನ್ನು ಕರೆದು, ಮೇಜಿನ ಮೇಲಿನ ಗುಂಡಿಗಳನ್ನು ಜೋಡಿಸುತ್ತ, 'ಒಳಗಡೆ ಸ್ಟಾಕ್ ನೋಡೋಕೆ ನಂಬಿಕಸ್ತರು ಬೇಕು. ಸ್ವಲ್ಪ ದಿನ ನೀವೇ ನೋಡ್ಕೊಳ್ಳಿ' ಎಂದ. ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಹೆಂಡತಿಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಗೋದಾಮಿನಲ್ಲಿ ಬಟ್ಟೆಯ ಥಾನುಗಳ ನಡುವೆ ಯಾರ ಮೈಯೂ ತಾಗದಂತೆ ನಿಲ್ಲುತ್ತಾನೆ.

ಬಚ್ಚಲಿನಿಂದ ಹೊರಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. ಕಾಲೇಜಿಗೆ ಹೋಗುವ ವಯಸ್ಸು, ಅವನೊಡನೆ ಮಾತು ಕಡಿಮೆ. 'ಅಪ್ಪಾ, ಚಿಕ್ಕಪ್ಪನಿಗೆ ಹೇಳ್ತೀರಾ?' ಏನನ್ನು ಎಂದು ಅವನು ಕೇಳಲಿಲ್ಲ. 'ಹೇಳ್ಬೇಕಲ್ಲಮ್ಮ' ಎಂದ, ತಾನು ಹೇಳುವವನೇ ಎಂದು ಅವನಿಗೆ ಆ ಗಳಿಗೆಯಲ್ಲಿ ನಂಬಿಕೆಯೂ ಬಂತು. ಮಗಳು ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, 'ಹೇಳ್ಬೇಡಿ' ಎಂದಳು. 'ಅವರು ಬಂದ್ರೆ ಅವರ ಮಗಳೂ ನನ್ನ ಕಾಲೇಜಿಗೇ ಬರ್ತಾಳೆ. ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂತ್ಕೊಳ್ಳಲ್ಲ. ಅವಳಿದ್ರೆ ನಾವಿಬ್ರೂ ಕೂತ್ಕೋಬಹುದು.' ಹೇಳಿದ್ದೇ ಸರಕ್ಕನೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಟವೆಲು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ನಿಂತ. ಅವಳ ಬ್ಯಾಗಿನಲ್ಲಿ ಸೆಂಟಿನ ಬಾಟಲಿ ಕಂಡಾಗ ಯಾವನೋ ಹುಡುಗ ಇರಬೇಕು ಎಂದು ಹೆಂಡತಿಯ ಹತ್ತಿರ ಗೊಣಗಿದ್ದ. ಹುಡುಗನಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಕಾರು ಬಂದು ನಿಂತಿತು. ಷಡ್ಡಕ ಡ್ರೈವಿಂಗ್ ಸ್ಕೂಲ್ ನಡೆಸುವವನು. ಕಾರಿನ ತಲೆಯ ಮೇಲೆ ಹಳದಿ ಬೋರ್ಡು. ಇಳಿಯುವ ಮುಂಚೆಯೇ ಅವನ ದನಿ ಇಳಿಯುತ್ತದೆ. 'ಷಡ್ಡಕ್ರೇ, ಏನು ರಸ್ತೆ ಇದು! ಒಂದು ನಾಯಿನೂ ಅಡ್ಡ ಬರ್ಲಿಲ್ಲ. ಕಲಿಯೋರಿಗೆ ಸ್ವರ್ಗ. ಗುದ್ದೋಣ ಅಂದ್ರೂ ಯಾರೂ ಸಿಗಲ್ಲ!' ಅವನು ನಕ್ಕ, ಕೈ ಹಿಡಿದು ಕುಲುಕಿದ, ಕುಲುಕುತ್ತ ಕಣ್ಣೆಲ್ಲ ಷಡ್ಡಕನ ಮೂಗಿನ ಮೇಲೆ. ದಪ್ಪ ಮೂಗು, ಅಗಲ ಹೊಳ್ಳೆಗಳು. ಅವು ಅಲುಗಲಿಲ್ಲ. ನಾದಿನಿ ಇಳಿದು ಕರವಸ್ತ್ರದಿಂದ ಮುಖ ಒರೆಸಿಕೊಂಡಳು. ಕರವಸ್ತ್ರ ಮೂಗಿನ ಹತ್ತಿರ ಒಂದು ಗಳಿಗೆ ನಿಂತಿತೇ? ಬೆವರಿರಬಹುದು. ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಏನನ್ನೋ ಪಿಸುಗುಟ್ಟಿ, ಇಬ್ಬರೂ ಕಿಸಕ್ಕನೆ ನಕ್ಕರು. 'ಎಂಥಾ ಗಾಳಿ ಭಾವ ಇಲ್ಲಿ!' ಎಂದಳು ನಾದಿನಿ ಅವನ ಕಡೆ ತಿರುಗಿ. ಗಾಳಿ. ಆದರೆ ಅವಳ ಕೂದಲು ನಿಜಕ್ಕೂ ಹಾರುತ್ತಿತ್ತು, ಅವಳು ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಈ ಷಡ್ಡಕನ ಮನೆಯ ಹಜಾರದಲ್ಲಿ ಅವರು ಒಂದಷ್ಟು ದಿನ ಮಲಗಿದ್ದರು. ನಗರದ ಮನೆಯ ಮಾಲೀಕ ಇದ್ದಕ್ಕಿದ್ದಂತೆ ಬಿಡಿಸಿದಾಗ, 'ನಿಮ್ಮದೇ ಮನೆ ಅಂದ್ಕೊಳ್ಳಿ' ಎಂದು ಕರೆದುಕೊಂಡು ಹೋದವನು ಇವನೇ. ಅವನು ಎಲ್ಲರಿಗಿಂತ ಮೊದಲು ಎದ್ದು, ಹಾಸಿಗೆ ಸುತ್ತಿ ಸೋಫಾದ ಹಿಂದೆ ಅಡಗಿಸಿ, ಯಾರೋ ಈಗತಾನೆ ಭೇಟಿಗೆ ಬಂದವನ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿರುತ್ತಿದ್ದ. ಷಡ್ಡಕ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ, ಒಂದು ಮಾತು ಕಡಿಮೆ ಆಡಲಿಲ್ಲ. ಅದನ್ನು ಕ್ಷಮಿಸುವುದು ಅವನಿಂದ ಇವತ್ತಿಗೂ ಆಗಿಲ್ಲ. ಮನೆ ಕೊಂಡ ಮೇಲೆ ರಜಾದಿನ ಬಂದರೆ ಅವನೇ ಷಡ್ಡಕನಿಗೆ ಫೋನು ಮಾಡುತ್ತಿದ್ದ. ಬೆಳಿಗ್ಗೆ ಹಕ್ಕಿ ಎಬ್ಬಿಸುತ್ತದೆ ಎಂದ, ಸಂಜೆ ಟೆರೇಸಿನಲ್ಲಿ ಕೂತರೆ ಆಕಾಶ ನಮ್ಮದೇ ಎಂದ, ನಿಮ್ಮ ನಗರದಲ್ಲಿ ಮನುಷ್ಯ ಬದುಕುತ್ತಾನಾ ಎಂದ. ಷಡ್ಡಕ ಆ ಕಡೆ ಸುಮ್ಮನಾದರೆ ಎದೆ ತಂಪಾಗುತ್ತಿತ್ತು. ಹೀಗೆ ಹೊಗಳಿ ಹೊಗಳಿ, ಈಗ ಷಡ್ಡಕನ ಬಾಡಿಗೆಮನೆಯ ಮಾಲೀಕ ಮನೆ ಮಾರುತ್ತಿದ್ದಾನೆ, ಷಡ್ಡಕನೂ ಹೊರಡಬೇಕು, ಹೊಗಳಿದ ಜಾಗಕ್ಕೇ ಬರುತ್ತಿದ್ದಾನೆ. ಏಜೆಂಟ್ ಮೊನ್ನೆ ಫೋನು ಮಾಡಿ, 'ನೀವೊಂದು ಒಳ್ಳೆ ಮಾತು ಹೇಳಿ ಸಾರ್ ಸಾಕು, ಮಿಕ್ಕಿದ್ದು ನನಗೆ ಬಿಡಿ. ಇಲ್ಲಿ ಜನ ಬಂದಷ್ಟೂ ನಿಮಗೇ ಒಳ್ಳೇದಲ್ವಾ?' ಎಂದಿದ್ದ. ಆ ಏಜೆಂಟನ ದನಿಯಲ್ಲಿ ಸಲುಗೆ ಇತ್ತು, ಜೊತೆಗಾರನೊಡನೆ ಮಾತಾಡುವ ಸಲುಗೆ.

ಪಕ್ಕದ ಮನೆ ಅವರ ಮನೆಯದೇ ಪಡಿಯಚ್ಚು, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ. ಒಳಗೆ ಹೋದರೆ ಅವನಿಗೆ ತಲೆ ತಿರುಗಿದಂತಾಯಿತು. ತನ್ನ ಮನೆಯನ್ನೇ ಯಾರೋ ಒಳಹೊರಗಾಗಿ ತಿರುವಿ ಬರಿದು ಮಾಡಿಟ್ಟಂತೆ. ಹೆಜ್ಜೆಯ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಹೆಂಗಸರು ಮುಂದೆ ಹೋಗಿ, ಇಲ್ಲಿ ಮಂಚ, ಇಲ್ಲಿ ಮಗಳ ಓದುವ ಮೇಜು, ಇಲ್ಲಿ ನಾವಿಬ್ಬರೂ ಸಂಜೆ ಕೂತುಕೊಳ್ಳೋದು ಎಂದು ಜಾಗ ಹಂಚುತ್ತಿದ್ದರು. ಹೆಂಡತಿ ಒಂದು ಕಡೆ ಗಹಗಹಿಸಿ ನಕ್ಕಳು. ಆ ನಗೆಯನ್ನು ಅವನು ಮರೆತೇಬಿಟ್ಟಿದ್ದ. ಯಾರದು ಎಂದು ಕುತ್ತಿಗೆ ತಿರುಗಿಸಿ ನೋಡುವಷ್ಟು ಮರೆತಿದ್ದ.

ಷಡ್ಡಕ ಅವನನ್ನು ಟೆರೇಸಿಗೆ ಕರೆದುಕೊಂಡು ಹೋದ. ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತು, ಕಟ್ಟೆಯ ಮೇಲೆ ಕೈಯೂರಿ, ಗುಡ್ಡದ ಕಡೆ ಬಹಳ ಹೊತ್ತು ನೋಡಿದ. 'ಷಡ್ಡಕ್ರೇ, ಒಂದು ಕೇಳ್ತೀನಿ, ನೇರ ಹೇಳಿ. ಏಜೆಂಟ್ ಹೇಳೋದು ನಾನು ನಂಬಲ್ಲ. ನೀವು ಹೇಳಿದ್ದು ನಂಬ್ತೀನಿ. ಇಲ್ಲಿ ಏನಾದ್ರೂ ತೊಂದರೆ ಇದೆಯಾ?'

ಅವನು ಉಸಿರೆಳೆದುಕೊಂಡ. ಏನೂ ತಿಳಿಯಲಿಲ್ಲ. ಈಗ ಈ ಟೆರೇಸಿನ ಮೇಲೆ ಅದು ಇದೆಯೇ? ಇದ್ದರೆ ಇವನಿಗೆ ತಿಳಿಯಬೇಕಿತ್ತು, ಇಲ್ಲದಿದ್ದರೆ ಹೇಳುವ ಅಗತ್ಯವೇನು, ನಾಳೆ ಬಂದರೆ ನಾಳೆಯ ಮಾತು. ಕೆಳಗಿನಿಂದ ಹೆಂಡತಿಯ ದನಿ ಬರುತ್ತಿತ್ತು. ಮಗಳು ಕಾಂಪೌಂಡಿನ ಹತ್ತಿರ ನಿಂತು ತಲೆಯೆತ್ತಿ ಅವರಿಬ್ಬರನ್ನೂ ನೋಡುತ್ತಿದ್ದಳು. ಹೇಳಿಬಿಟ್ಟರೆ? ಎರಡು ವರ್ಷದ ಫೋನುಗಳೆಲ್ಲ ಸುಳ್ಳಾಗುತ್ತವೆ; ಹಕ್ಕಿ, ಆಕಾಶ, ಎಲ್ಲ. ಇವನು ನಗುವುದಿಲ್ಲ, ಅದೇ ಕಷ್ಟ. ಹೆಗಲ ಮೇಲೆ ಕೈ ಹಾಕಿ, ಅಯ್ಯೋ ಪಾಪ, ಮೊದಲೇ ಹೇಳಬಾರದಿತ್ತಾ, ಮತ್ತೆ ನಮ್ಮ ಹಜಾರಕ್ಕೆ ಬನ್ನಿ ಎನ್ನುತ್ತಾನೆ. ಹೊಟ್ಟೆಯ ಇನ್ನೂ ಒಳಗೆ, ನೋಡಲು ಅವನಿಗೇ ನಾಚಿಕೆಯಾಗುವ ಜಾಗದಲ್ಲಿ, ಇನ್ನೊಂದಿತ್ತು: ಬರಲಿ, ಇವನೂ ಬರಲಿ, ಇವನ ಕಾರಿನಲ್ಲಿ ಪಕ್ಕಕ್ಕೆ ಕೂತವರೂ ಒಂದು ದಿನ ಕಿಟಕಿಯ ಗಾಜು ಇಳಿಸಲಿ.

'ತೊಂದರೆನಾ? ಏನಿಲ್ಲಪ್ಪ' ಎಂದ. ದನಿ ತನ್ನದೇ ಆಗಿತ್ತು, ಅಳತೆ ಕೂಗುವ ಸ್ಪಷ್ಟ ದನಿ. 'ರೈಲ್ವೆ ಸ್ಟೇಷನ್ನು ಸ್ವಲ್ಪ ದೂರ ಅಷ್ಟೇ. ನೀವು ಕಾರಿನವರು, ನಿಮಗೇನು?'

ಷಡ್ಡಕ ಅವನ ಮುಖವನ್ನು ನೋಡಿದ. ಆಮೇಲೆ ಗುಡ್ಡವನ್ನು ನೋಡಿದ. 'ಸರಿ ಹಾಗಾದ್ರೆ' ಎಂದ.

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಹೆಂಡತಿ ಬಡಿಸುತ್ತಿದ್ದಳು. ನಾದಿನಿ ತಟ್ಟೆಗೆ ಕೈ ಹಾಕಿ, ಮೂಗು ಸ್ವಲ್ಪ ಎತ್ತಿ, ಹವಾಮಾನ ಹೇಳುವವಳ ಹಾಗೆ, 'ಅಕ್ಕಾ, ನೀನು ಹೇಳಿದಷ್ಟೇನೂ ಇಲ್ವಲ್ಲೇ. ನಾನು ಹೆದರಿಕೊಂಡೇ ಬಂದೆ. ವಾರದಲ್ಲಿ ಎಷ್ಟು ದಿನ ಅಂದಿದ್ದೆ ನೀನು ವಾಸನೆ?' ಎಂದಳು. 'ಮೂರು ನಾಲ್ಕು ದಿನ' ಎಂದಳು ಹೆಂಡತಿ, ನೀರು ಬಗ್ಗಿಸುತ್ತ. 'ಚಳಿಗಾಲದಲ್ಲಿ ಜಾಸ್ತಿ. ನಾನು ಮೊದಲೇ ಹೇಳಿದೀನಪ್ಪ, ಆಮೇಲೆ ಅಕ್ಕ ಮುಚ್ಚಿಟ್ಲು ಅನ್ಬೇಡ.' ವಾಸನೆ ಎಂಬ ಆ ಶಬ್ದ ಮೇಜಿನ ಮೇಲೆ, ಗಾಜಿನ ಲೋಟಗಳ ನಡುವೆ, ಯಾವ ಸದ್ದೂ ಇಲ್ಲದೆ ಬಂದು ಕೂತಿತು. ಯಾರಿಗೂ ಏನೂ ಆಗಲಿಲ್ಲ. ಮಗಳು ಒಮ್ಮೆ ತಲೆಯೆತ್ತಿ ಅವನನ್ನು ನೋಡಿ ಮತ್ತೆ ತಟ್ಟೆಗೆ ಬಗ್ಗಿದಳು. ಅವನ ಕೈಯಲ್ಲಿದ್ದ ತುತ್ತು ಅರ್ಧದಲ್ಲಿ ನಿಂತಿತ್ತು. ಅವರು ಮಾತಾಡಿಕೊಂಡಿದ್ದರು. ಫೋನಿನಲ್ಲಿ, ಮಧ್ಯಾಹ್ನಗಳಲ್ಲಿ, ಅವನು ಗೋದಾಮಿನಲ್ಲಿ ನಿಂತಿದ್ದಾಗ, ಎಲ್ಲವನ್ನೂ, ಮೊದಲಿಂದಲೂ. ಅವನು ಹಕ್ಕಿಯನ್ನೂ ಆಕಾಶವನ್ನೂ ಹೊಗಳಿದ್ದೆಲ್ಲ, ಗೊತ್ತಿದ್ದವರು ಗೊತ್ತಿಲ್ಲದವರಂತೆ ಕೇಳಿಸಿಕೊಂಡ ಮಾತು. ಟೆರೇಸಿನ ಮೇಲೆ ಷಡ್ಡಕ ಆ ಪ್ರಶ್ನೆ ಕೇಳುವಾಗ ಉತ್ತರ ಅವನ ಜೇಬಿನಲ್ಲೇ ಇತ್ತು. ಷಡ್ಡಕನ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಷಡ್ಡಕ ತಲೆ ಬಗ್ಗಿಸಿ, ಹಸಿದವನಂತೆ, ಗಬಗಬ ತಿನ್ನುತ್ತಿದ್ದ. ಅವನಿಗಾಗಿ ನಾಚಿಕೊಂಡು ತಿನ್ನುತ್ತಿದ್ದ.

ಏಜೆಂಟ್ ಬಂದ. ಪಕ್ಕದ ಮನೆಯ ಯಜಮಾನನೂ ಜೊತೆಗಿದ್ದ, ಮಾತು ಇವತ್ತೇ ಮುಗಿಸಿಬಿಡೋಣವೆಂದು. ಹೆಂಗಸರು ಅವರನ್ನು ಹಜಾರದಲ್ಲಿ ಕೂರಿಸಿದರು. ಅವನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ನಿಂತ. ಷಡ್ಡಕ ಹಿಂದೆಯೇ ಬಂದ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವನನ್ನು ಕೈಸನ್ನೆಯಿಂದ ತಡೆದು, ನಲ್ಲಿ ನಿಲ್ಲಿಸಿದ.

'ಬಿಡಿ, ಅದಕ್ಕಲ್ಲ ನಾನು ಬಂದದ್ದು' ಎಂದ. ಆ ದೊಡ್ಡ ದನಿ ಎಲ್ಲಿಗೆ ಹೋಗಿತ್ತೋ. 'ನನಗೆ ಇಷ್ಟ ಇಲ್ಲ ಷಡ್ಡಕ್ರೇ. ಕಾರಿಂದ ಇಳಿದ ಕೂಡ್ಲೇ ಗೊತ್ತಾಯ್ತು, ಹೊಟ್ಟೆ ತೊಳಸ್ತಾ ಇದೆ, ಊಟ ಹೇಗೆ ಇಳಿಸಿದೆನೋ ದೇವರಿಗೇ ಗೊತ್ತು. ಆದ್ರೆ ಅವಳಿಗೆ ನಾನು ಬೇಡ ಅನ್ನಕ್ಕಾಗಲ್ಲ. ಮದುವೆಯಾದಾಗಿನಿಂದ ಸ್ವಂತ ಮನೆ ಅಂತ ಕಾದಿದಾಳೆ. ನಾನು ಬೇಡ ಅಂದ್ರೆ ನನ್ನ ಕೈಲಾಗಲ್ಲ ಅಂತ ಅರ್ಥ. ನೀವು ಅಂದ್ರೆ ಬೇರೆ. ನೀವು ಇಲ್ಲಿ ಇರೋರು. ಭಾವನೇ ಬೇಡ ಅಂದ್ರು ಅಂದ್ರೆ ಅವಳು ಕೇಳ್ತಾಳೆ. ಮೇಲೆ ಅದಕ್ಕೇ ಕೇಳಿದ್ದು.' ಒಂದು ಹೆಜ್ಜೆ ಹತ್ತಿರ ಬಂದ. 'ಈಗಲೂ ಹೊತ್ತು ಮೀರಿಲ್ಲ. ಒಳಗೆ ಬಂದು ಒಂದು ಮಾತು ಹೇಳಿ. ನಿಮಗೆ ಕೈ ಮುಗಿತೀನಿ.'

ಷಡ್ಡಕನ ಹಣೆಯಲ್ಲಿ ಬೆವರು. ಈ ಮನುಷ್ಯ ತನ್ನ ಮುಂದೆ ಹೀಗೆ ನಿಲ್ಲಬೇಕೆಂದು ಎಷ್ಟು ಸಂಜೆ ಬಯಸಿದ್ದನೋ, ಈಗ ನಿಂತಿದ್ದಾನೆ, ಅದರಿಂದ ಏನೂ ಆಗುತ್ತಿಲ್ಲ. ಒಂದು ಮಾತು ಸಾಕು. ಬೇಡ ಎಂದರೆ ಇವನು ಕಾರು ಹತ್ತುತ್ತಾನೆ, ಗಾಜು ಇಳಿಸಿಕೊಂಡು ಕಮಾನು ದಾಟುತ್ತಾನೆ, ಸೇತುವೆಯ ಮೇಲೆ ಉಸಿರೆಳೆದುಕೊಳ್ಳುತ್ತಾನೆ. ಹೆಂಡತಿ ಲೋಟಗಳನ್ನು ತೊಳೆದು ಕಾಗದದಲ್ಲಿ ಸುತ್ತಿ ಮೇಲಿಡುತ್ತಾಳೆ. ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಮಗಳ ಪಕ್ಕದ ಸೀಟು. ಅವನು ಬೇಡ ಎನ್ನಲೆಂದೇ ತುಟಿ ತೆರೆದ. ಬ ಎಂಬ ಅಕ್ಷರಕ್ಕಾಗಿ ತುಟಿಗಳು ಕೂಡಿದ್ದೂ ಅವನಿಗೆ ಸ್ಪಷ್ಟವಾಗಿ ತಿಳಿಯಿತು.

'ಅಭ್ಯಾಸ ಆಗುತ್ತೆ' ಎಂದ.

ಅವನು ಇನ್ನೂ ಏನಾದರೂ ಹೇಳುತ್ತಾನೆಂದು ಷಡ್ಡಕ ಕಾದ, ಆಮೇಲೆ ಕಾಯುವುದನ್ನು ಬಿಟ್ಟ. ಮುಖ ಒರೆಸಿಕೊಂಡು, ಅಂಗಿಯ ಕಾಲರು ಸರಿಮಾಡಿಕೊಂಡು, ಬಾಗಿಲಲ್ಲಿ ಒಮ್ಮೆ ಕೆಮ್ಮಿ ಒಳಗೆ ಹೋದ. ಮರುಗಳಿಗೆ ಹಜಾರದಿಂದ ಅವನ ದೊಡ್ಡ ದನಿ ಕೇಳಿಸಿತು: 'ಏನ್ರೀ ಏಜೆಂಟ್ರೇ, ಕಾಂಪೌಂಡಲ್ಲಿ ಬಾಗಿಲು ಇಡಿಸ್ತೀವಿ, ನಿಮ್ಮದೇನೂ ಅಡ್ಡಿ ಇಲ್ಲ ತಾನೇ?' ಎಲ್ಲರೂ ನಕ್ಕರು. ಹೆಂಡತಿ ಹಿತ್ತಲ ಬಾಗಿಲಿಗೆ ಬಂದು, 'ಇಲ್ಲೇನು ಮಾಡ್ತಾ ಇದೀರಾ? ಬನ್ನಿ, ನೀವಿಲ್ಲದೆ ಮಾತು ಆಡಲ್ಲ ಅಂತ ಕೂತಿದಾರೆ' ಎಂದಳು. ಅವಳ ಮುಖ ಕೆಂಪಗೆ ಅರಳಿತ್ತು. ಅವಳು ಅವನ ತೋಳು ಹಿಡಿದುಕೊಂಡಳು, ಬಹಳ ದಿನಗಳ ಮೇಲೆ, ಜನರೆದುರು ಹಿಡಿದುಕೊಳ್ಳುವ ಹಾಗೆ ಬಿಗಿಯಾಗಿ, ಮತ್ತು ಅವನು ಅವಳೊಂದಿಗೆ ಒಳಗೆ ನಡೆದ.